ಕೆಮಿಕಲ್ ಅರ್ಥಿಂಗ್ ಕಿಟ್: ಹ್ಯಾಮ್ ಶ್ಯಾಕ್‌ಗೆ ಇದೊಂದೇ ಸಾಲದು

ಮೂರು ಮೀಟರ್ ರಾಡ್, 25 ಕೆಜಿ ಕಾಂಪೌಂಡ್ (ರಾಡ್ ಸುತ್ತ ತುಂಬುವ, ವಿದ್ಯುತ್ ಹರಿಸುವ ಪುಡಿ) ಚೀಲ, ಒಂದು ಕ್ಲ್ಯಾಂಪ್, ಗುಂಡಿಗೊಂದು ಮುಚ್ಚಳ. ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುವ ಕೆಮಿಕಲ್ ಅರ್ಥಿಂಗ್ ಕಿಟ್ ಎಂದರೆ ಸಾಮಾನ್ಯವಾಗಿ ಇಷ್ಟು. ಉಪ್ಪು-ಇದ್ದಿಲಿನ ಹಳೇ ಗುಂಡಿಗಿಂತ ಇದು ಖಂಡಿತ ಮೇಲು. ಉಪ್ಪು ಮಳೆಗೆ ಕರಗಿ ಹೋಗುತ್ತದೆ, ಹೋಗುವ ಮುಂಚೆ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪನ್ನು ತಿಂದಿರುತ್ತದೆ. ಆದರೆ ತಾರಸಿ ಮೇಲೆ ಆಂಟೆನಾ ಏರಿಸಿ, ಮನೆಯ ರೇಡಿಯೋ ಕೋಣೆಯಿಂದ (ಶ್ಯಾಕ್) ಹವ್ಯಾಸಕ್ಕೆ ಮಾತಾಡುವ ಹ್ಯಾಮ್‌ಗೆ ಬೇಕಾದದ್ದರಲ್ಲಿ ಅರ್ಧ ಮಾತ್ರ ಈ ಡಬ್ಬದಲ್ಲಿದೆ.

ರಾಡ್ ಕೊಳ್ಳುವಾಗ 17.2 ಮಿಮೀ ದಪ್ಪ, 250 ಮೈಕ್ರಾನ್ ತಾಮ್ರದ ಹೊದಿಕೆ ಇರುವುದನ್ನೇ ಕೇಳಿ. ಅಗ್ಗದವುಗಳಲ್ಲಿ ತೆಳು ಲೇಪವಷ್ಟೇ ಇರುತ್ತದೆ. ಅಯಸ್ಕಾಂತದ ಪರೀಕ್ಷೆ ಉಪಯೋಗಕ್ಕೆ ಬಾರದು, ಒಳಗಿನ ಉಕ್ಕಿನಿಂದಾಗಿ ಎರಡಕ್ಕೂ ಅಂಟುತ್ತದೆ. ತುದಿಯನ್ನು ಅರದಿಂದ ಉಜ್ಜಿ ನೋಡಿ. ಎರಡೇ ಉಜ್ಜಿಗೆ ಬಿಳಿ ಉಕ್ಕು ಇಣುಕಿದರೆ ಅಲ್ಲೇ ವಾಪಸ್ ಕೊಡಿ.

'ಒಂದು ಓಮ್ ಗ್ಯಾರಂಟಿ' ಎಂಬ ಮಾರುವವರ ಮಾತನ್ನು ನಂಬಬೇಡಿ. ಓಮ್ ಎಂದರೆ ಮಣ್ಣಿಗಿಳಿಯುವ ಪ್ರವಾಹಕ್ಕೆ ಇರುವ ತಡೆ, ಕಡಿಮೆಯಿದ್ದಷ್ಟೂ ಒಳ್ಳೆಯದು. 100 ಓಮ್-ಮೀಟರ್ ಮಣ್ಣಿನಲ್ಲಿ ಇಂಥ ಒಂದು ರಾಡ್‌ಗೆ ಲೆಕ್ಕದ ಪ್ರಕಾರ ಬರುವುದು ಸುಮಾರು 33 ಓಮ್. 100 ಮಿಮೀ ಅಗಲದ ಗುಂಡಿ ತುಂಬಾ ಕಾಂಪೌಂಡ್ ಹಾಕಿದರೂ 24ರ ಹತ್ತಿರ ನಿಲ್ಲುತ್ತದೆ. ಒದ್ದೆ ಎರೆಮಣ್ಣಿನಲ್ಲಿ ಇದಕ್ಕಿಂತ ಚೆನ್ನಾಗಿರುತ್ತದೆ. ಕರಾವಳಿಯ ಮುರಕಲ್ಲಿನಲ್ಲಿ, ಕೆಳಗೆ ಬಂಡೆಯಿರುವ ಬೆಂಗಳೂರಿನ ಸೈಟುಗಳಲ್ಲಿ ಇನ್ನೂ ಕಷ್ಟ. ಗುಂಡಿ 150 ಮಿಮೀ ಆದರೆ 53 ಲೀಟರ್ ಜಾಗ, ಒಂದು ಚೀಲ ಸಾಕಾಗುವುದಿಲ್ಲ. ಓಮ್ ಇಳಿಸಲು ಆರು ಮೀಟರ್ ದೂರದಲ್ಲಿ ಎರಡನೇ ರಾಡ್ ಹೂಳಿ, ಎರಡನ್ನೂ ಜೋಡಿಸಿ.

ಕಿಟ್‌ನ ದೊಡ್ಡ ಕೊರತೆ ಜೋಡಣೆಯ ಸಾಮಾನು. ಕೂರಿಸಲು ಬಂದವರು 'ರೇಡಿಯೋಗೆ ಬೇರೆ ಅರ್ಥ್' ಎಂದು ಹೂತು ಕೈತೊಳೆದುಕೊಂಡರೆ ಅದೇ ಅಪಾಯ. 20,000 ಆಂಪಿಯರ್ ಸಿಡಿಲು 10 ಓಮ್ ಅರ್ಥ್‌ಗೆ ಇಳಿದರೆ ಅಲ್ಲಿ ಎರಡು ಲಕ್ಷ ವೋಲ್ಟ್ ಏಳುತ್ತದೆ. ನಿಮ್ಮ ರೇಡಿಯೋದ ಒಂದು ಕಾಲು ಕೋಆಕ್ಸ್ (ಆಂಟೆನಾ ಕೇಬಲ್) ಮೂಲಕ ಆ ಅರ್ಥ್‌ನಲ್ಲಿ, ಇನ್ನೊಂದು ಪವರ್ ಸಪ್ಲೈ ಮೂಲಕ ಮೀಟರ್ ಬೋರ್ಡ್‌ನ ಅರ್ಥ್‌ನಲ್ಲಿ. ನಡುವಿನ ವೋಲ್ಟೇಜಿನಿಂದ ಪ್ರವಾಹ ಹರಿಯುವುದು ಸೆಟ್ಟಿನ ಹೊಟ್ಟೆಯೊಳಗಿಂದಲೇ. ಹಾಗಾಗಿ ಮನೆಯ ಅರ್ಥ್‌ಗೂ ಇದಕ್ಕೂ 16 ಚದರ ಮಿಮೀ ತಾಮ್ರದ ಕೊಂಡಿ ಬೇಕೇಬೇಕು.

ಕೋಆಕ್ಸ್ ಒಳಬರುವ ಗೋಡೆಯ ಹೊರಗೆ ತಾಮ್ರದ ಪ್ಲೇಟು ಕೂರಿಸಿ, ಅರೆಸ್ಟರ್‌ಗಳನ್ನು (ಕೇಬಲ್‌ನಲ್ಲಿ ಬರುವ ಸಿಡಿಲನ್ನು ಅರ್ಥ್‌ಗೆ ತಿರುಗಿಸುವ ಸಾಧನ) ಅದಕ್ಕೇ ಬಿಗಿಯಿರಿ, ಅಲ್ಲಿಂದ 25×3 ಮಿಮೀ ಪಟ್ಟಿಯನ್ನು ನೇರವಾಗಿ ರಾಡ್‌ಗೆ ಇಳಿಸಿ. ತಂತಿಗೆ ಮೀಟರಿಗೆ ಸುಮಾರು ಒಂದು ಮೈಕ್ರೋಹೆನ್ರಿ ಇಂಡಕ್ಟನ್ಸ್ (ಪ್ರವಾಹದ ದಿಢೀರ್ ಏರಿಕೆಗೆ ಒಡ್ಡುವ ತಡೆ) ಇರುತ್ತದೆ. ಪ್ರವಾಹ ಮೈಕ್ರೋಸೆಕೆಂಡಿಗೆ 10,000 ಆಂಪಿಯರ್‌ನಂತೆ ಏರಿದರೆ ಪ್ರತಿ ಮೀಟರಿಗೆ 10,000 ವೋಲ್ಟ್. ಅಂದಮೇಲೆ ಮಡಚಿದ ಮೂಲೆ, ಸುತ್ತಿಟ್ಟ ಹೆಚ್ಚುವರಿ ತಂತಿ ಎರಡೂ ಕೂಡದು. ತಾಮ್ರವನ್ನು ಆಂಟೆನಾದ ಜಿಐ ಮಾಸ್ಟ್‌ಗೆ (ಕಂಬಕ್ಕೆ) ಹಾಗೇ ಬಿಗಿದರೆ ಸತು ಸವೆದು ಜಾಯಿಂಟು ಬಿಳಿ ಪುಡಿ ಹಿಡಿಯುತ್ತದೆ. ನಡುವೆ ತವರ ಲೇಪಿಸಿದ ಲಗ್ ಇರಲಿ.

ಅರೆಸ್ಟರನ್ನು ಬೇರೆಯೇ ಕೊಳ್ಳಬೇಕು. ಆಲ್ಫಾ ಡೆಲ್ಟಾ ಕಂಪನಿಯದರಂತೆ ಗ್ಯಾಸ್ ಟ್ಯೂಬ್ (ವೋಲ್ಟೇಜು ಮಿತಿ ಮೀರಿದರೆ ಹೊತ್ತಿಕೊಂಡು ಅರ್ಥ್‌ಗೆ ದಾರಿ ಕೊಡುವ ಕೊಳವೆ) ಬದಲಿಸಬಹುದಾದದ್ದನ್ನು ಆರಿಸಿ. 50 ಓಮ್ ಲೈನಿನಲ್ಲಿ 100 ವಾಟ್‌ಗೆ 100 ವೋಲ್ಟ್ ಪೀಕ್, 230 ವೋಲ್ಟ್ ಟ್ಯೂಬ್ ಧಾರಾಳ ಸಾಕು. 400 ವಾಟ್‌ಗೆ 200 ವೋಲ್ಟ್. ಎಸ್‌ಡಬ್ಲ್ಯೂಆರ್ (ಆಂಟೆನಾ ಎಷ್ಟು ಶಕ್ತಿ ಹಿಂದಕ್ಕೆ ತಳ್ಳುತ್ತದೆ ಎಂಬುದರ ಅಳತೆ) 3 ಇದ್ದರೆ 300ರವರೆಗೆ ಏರಿ, ಪಿಟಿಟಿ (ಮಾತಾಡಲು ಒತ್ತುವ ಬಟನ್) ಒತ್ತಿದೊಡನೆ ಆ 230 ವೋಲ್ಟ್ ಟ್ಯೂಬೇ ಹೊತ್ತಿಕೊಳ್ಳುತ್ತದೆ. ಸಿಡಿಲು ತಿಂದ ಟ್ಯೂಬ್ ಶಾರ್ಟ್ ಆದರೆ ಎಸ್‌ಡಬ್ಲ್ಯೂಆರ್ ಹಾರಿ ಗೊತ್ತಾಗುತ್ತದೆ. ಓಪನ್ ಆದರೆ ಗೊತ್ತೇ ಆಗುವುದಿಲ್ಲ, ಆದ್ದರಿಂದ ಒಂದು ಬಿಡಿ ಟ್ಯೂಬ್ ಇಟ್ಟುಕೊಂಡು ಮುಂಗಾರಿಗೆ ಮುಂಚೆ ಬದಲಿಸಿ.

ಇಷ್ಟೆಲ್ಲ ಇದ್ದರೂ ಏಪ್ರಿಲ್-ಮೇ ಸಂಜೆ ಗುಡುಗು ಶುರುವಾಗುವ ಮುನ್ನವೇ ಕೋಆಕ್ಸ್ ಮತ್ತು ಪವರ್ ಪ್ಲಗ್ ಎರಡನ್ನೂ ಕಳಚಿ. ಕೋಆಕ್ಸನ್ನು ಹೊರಗಿನ ಪ್ಲೇಟಿನಲ್ಲೇ ಬಿಚ್ಚಿರಿ. ತುದಿಯನ್ನು ಒಳಗೆ ತಂದು ಮೇಜಿನ ಮೇಲೆ ಇಡಬೇಡಿ. ಗುಡುಗು ಕೇಳಿದ ಮೇಲೆ ಅದನ್ನು ಮುಟ್ಟಲೂ ಬೇಡಿ.

ಕೊಳ್ಳುವುದಾದರೆ ಎರಡು ರಾಡ್, ಎರಡು ಚೀಲ ಬಿಡಿಯಾಗಿ ತನ್ನಿ. ಫ್ಯಾನ್ಸಿ ಮುಚ್ಚಳದ ದುಡ್ಡು ತಾಮ್ರದ ಪಟ್ಟಿಗೆ ಹೋಗಲಿ.