ದೂರದ ಆಸ್ಪತ್ರೆಗಳಿಗೆ ವೈದ್ಯರು, ನರ್ಸ್‌ಗಳನ್ನು ಹುಡುಕಿಕೊಡುವ ಏಜೆನ್ಸಿ ಸೇವೆ: ಎಲ್ಲಿ ಉಪಯೋಗ, ಎಲ್ಲಿ ಕೈಕೊಡುತ್ತದೆ

ಹುಡುಕುವ ಕೆಲಸಕ್ಕೆ ಈ ಸೇವೆಗೆ ಒಳ್ಳೆಯ ಅಂಕವನ್ನೇ ಕೊಡಬಹುದು. ಪದವಿ ಪ್ರಮಾಣಪತ್ರ, ವೈದ್ಯಕೀಯ ಇಲ್ಲವೇ ನರ್ಸಿಂಗ್ ಪರಿಷತ್ತಿನ ನೋಂದಣಿ, ಹಿಂದಿನ ಕೆಲಸದ ವಿಚಾರಣೆ ಮುಗಿಸಿಯೇ ಹೆಸರು ಕಳಿಸುತ್ತಾರೆ. ಎಡವುವುದು ಬಂದವರನ್ನು ಉಳಿಸಿಕೊಳ್ಳುವಲ್ಲಿ.

ಕಾರಣ ಶುಲ್ಕದ ಕರಾರಿನಲ್ಲೇ ಇದೆ. ಸೇರಿದ ದಿನವೇ ಪೂರ್ತಿ ಹಣ ಕೈಸೇರಿದರೆ, ಮೂರನೇ ತಿಂಗಳಿಗೆ ಅಭ್ಯರ್ಥಿ ಗಂಟುಮೂಟೆ ಕಟ್ಟಿದರೂ ಏಜೆನ್ಸಿಗೆ ನಷ್ಟವಿಲ್ಲ. ಸಹಿ ಹಾಕುವ ಮುಂಚೆ ಕಂತು ಮಾಡಿಸಿಕೊಳ್ಳಿ: ಸೇರಿದಾಗ ಅರ್ಧ, 6 ತಿಂಗಳಿಗೆ ಕಾಲು, ವರ್ಷ ತುಂಬಿದ ಮೇಲೆ ಉಳಿದದ್ದು.

ಜಾಹೀರಾತಂತೂ ತೀರಾ ಬಡವು. ‘ವಸತಿ ಲಭ್ಯ’ ಎಂದು ಎರಡು ಪದ ಹಾಕಿ ಮುಗಿಸುತ್ತಾರೆ. ಎಷ್ಟು ಕೋಣೆ, ನೀರು ಎಷ್ಟು ಹೊತ್ತು, ಶಾಲೆ ಎಷ್ಟು ದೂರ, ಸಂಗಾತಿಗೆ ಕೆಲಸ ಸಿಗುತ್ತದೆಯೇ? ಬರುವವರು ಕೇಳುವುದು ಇದನ್ನೇ. ರಾತ್ರಿ ಪಾಳಿಯ ಪಟ್ಟಿ ಎಲ್ಲೂ ಕಾಣುವುದಿಲ್ಲ. ಇಬ್ಬರೇ ವೈದ್ಯರಿದ್ದರೆ ದಿನ ಬಿಟ್ಟು ದಿನ ರಾತ್ರಿ ಕರೆ ಬಂದರೆ ಓಡುವ ಸರದಿ. ಒಬ್ಬರು ರಜೆ ಹಾಕಿದರೆ ಪ್ರತಿ ರಾತ್ರಿ. ನಾಲ್ವರಿದ್ದರೆ ನಾಲ್ಕು ರಾತ್ರಿಗೊಮ್ಮೆ. ಸಂಬಳ ಏರಿಸಿದ ಮಾತ್ರಕ್ಕೆ ಈ ಲೆಕ್ಕ ಸರಿಹೋಗದು.

ಗ್ರಾಮೀಣ ಹಿನ್ನೆಲೆಯವರನ್ನು ಆರೋಗ್ಯ ಶಿಕ್ಷಣಕ್ಕೆ ಸೇರಿಸಿಕೊಳ್ಳಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೂ 2021ರಲ್ಲೂ ಹೇಳಿದೆ. ಅಂಥವರು ಹಳ್ಳಿಯಲ್ಲಿ ನಿಲ್ಲುವ ಸಾಧ್ಯತೆ ಹೆಚ್ಚು. ಹಾಗಾಗಿ ಅರ್ಜಿ ನಮೂನೆಯಲ್ಲಿ ‘ಬೆಳೆದ ಊರು’ ಎಂಬ ಅಂಕಣ ಹಾಕಿಸಿ.

ಹೆರಿಗೆ ರಜೆಯಂಥ ತಾತ್ಕಾಲಿಕ ತೆರವಿಗೆ ಏಜೆನ್ಸಿ ಸಾಕು. ಕಾಯಂ ಹುದ್ದೆಯಾದರೆ ಅಭ್ಯರ್ಥಿಯನ್ನು ಸಂಗಾತಿಯ ಸಮೇತ 2 ದಿನ ಕರೆಸಿ. ಕ್ವಾರ್ಟರ್ಸ್‌ನ ಬೀಗ ತೆಗೆಸಿ, ನಲ್ಲಿ ತಿರುಗಿಸಿ ನೋಡಲಿ. ಆ ಪ್ರಯಾಣದ ಖರ್ಚು ಯಾರದೆಂದು ಕರಾರಿನಲ್ಲಿ ಬರೆಸಿ; ಜಗಳ ಹುಟ್ಟುವುದು ಅಲ್ಲೇ.