ಪನಾಮಾದ ಎಂಬೆರಾ ಹಳ್ಳಿ ಟೂರ್: ಅಜ್ಜಿ ಕತೆಗೆ ಐದು ಸ್ಟಾರ್, ಗೈಡ್‌ಗೆ ಎರಡು

ಮೊದಲೇ ಹೇಳ್ಬಿಡ್ತೀನಿ, ಎಂಬೆರಾ ಅನ್ನೋ ಮೂಲನಿವಾಸಿಗಳ ಹಳ್ಳಿಗೆ ಹೋಗೋ ಈ ಟೂರ್ ಬುಕ್ ಮಾಡಿದ್ದು ನಾನಲ್ಲ, ನಮ್ಮನೆಯವಳು. ಪನಾಮಾಗೆ ಬಂದ್ಮೇಲೆ ಕಾಲುವೆ ನೋಡಿ, ಹಡಗಿನ ಫೋಟೋ ಹೊಡ್ಕೊಂಡು ವಾಪಸ್ ಹೋಗೋದು ಅನ್ಕೊಂಡಿದ್ದೆ. ಜೊತೆಗೆ ಅತ್ತೆ ಬೇರೆ ಇದ್ರು, ಕಾಡು ದೋಣಿ ಎಲ್ಲಾ ಅವ್ರಿಗೆ ಆಗುತ್ತಾ ಅಂತ ಭಯ.

ಬೆಳಿಗ್ಗೆ ಹೋಟೆಲ್‌ನಿಂದ ವ್ಯಾನ್, ಆಮೇಲೆ ಅಲಾಹುವೆಲಾ ಕೆರೆ ದಂಡೆ, ಅಲ್ಲಿಂದ ಪಿರಾಗ್ವಾ, ಅಂದ್ರೆ ಒಂದೇ ಮರ ಕೊರೆದು ಮಾಡಿದ ಉದ್ದ ದೋಣಿ, ಹಿಂದೆ ಮೋಟಾರ್. ಲೈಫ್ ಜಾಕೆಟ್ ಕೊಟ್ರು, ಅತ್ತೆ ಆರಾಮಾಗಿ ಕೂತ್ರು, ಭಯ ಬಿದ್ದಿದ್ದು ನಾನೇ. ಅಂದಹಾಗೆ ಇದು ತಾನಾಗೇ ಹುಟ್ಟಿದ ಕೆರೆ ಅಲ್ಲ, ಕಾಲುವೆಗೆ ನೀರು ಸಾಲ್ದೇ 1935ರಲ್ಲಿ ಚಾಗ್ರೆಸ್ ನದಿಗೆ ಕಟ್ಟಿ ಮುಗಿಸಿದ ಡ್ಯಾಮಿನ ಹಿನ್ನೀರು. ಎಂಬೆರಾ ಜನ ಇಲ್ಲಿಗೆ ಬಂದಿದ್ದು ಆಮೇಲೆ, ದಾರಿಯೆನ್ ಕಾಡಿನ ಕಡೆಯಿಂದ. 1985ರಲ್ಲಿ ಈ ಜಾಗ ನ್ಯಾಷನಲ್ ಪಾರ್ಕ್ ಆಯ್ತು, ಬೇಟೆ ಬೇಸಾಯಕ್ಕೆಲ್ಲಾ ಕಟ್ಟುನಿಟ್ಟು ಬಂತು, ಹಾಗಾಗಿ ಈಗ ನಮ್ಮಂಥೋರು ಹೋಗಿ ಕೊಡೋ ದುಡ್ಡೇ ಅವ್ರಿಗೆ ಮುಖ್ಯ ಆದಾಯ.

ಡ್ಯಾನ್ಸು, ಬುಟ್ಟಿ ಅಂಗಡಿ, ಎಲೆಯಲ್ಲಿ ಸುತ್ತಿ ಕೊಡೋ ಮೀನು, ಇವೆಲ್ಲಾ ಎಲ್ಲರೂ ಬರೆದಿರ್ತಾರೆ. ಸಸ್ಯಾಹಾರಿಗಳಿಗೆ ಬಾಳೆಕಾಯಿ ಜಜ್ಜಿ ಎರಡು ಸಲ ಕರಿದ ಪಟಕೋನ್ ಸಿಗುತ್ತೆ, ಅತ್ತೆ ಉಪ್ಪಿನಕಾಯಿ ಬಾಟ್ಲಿ ತೆಗೆದ್ರು, ಮುಗೀತು.

ನಾನು ಬರೀಬೇಕು ಅನ್ಕೊಂಡಿದ್ದು ಊಟ ಆದ್ಮೇಲಿಂದು. ಮಳೆ ಹಿಡ್ಕೊಂಡು ಎಲ್ರೂ ಗರಿ ಚಾವಣಿ ಕೆಳಗೆ ಸಿಕ್ಕಾಕ್ಕೊಂಡಾಗ ಒಬ್ಬ ಅಜ್ಜಿ ಕತೆ ಶುರು ಮಾಡಿದ್ರು, ಪ್ರೋಗ್ರಾಂನಲ್ಲಿ ಇಲ್ಲದ್ದು, ಪೂರ್ತಿ ಎಂಬೆರಾ ಭಾಷೇಲಿ. ಲೋಕದ ನೀರೆಲ್ಲಾ ಬಚ್ಚಿಟ್ಕೊಂಡಿರೋ ಹೆನ್ಸೆರಾ ಅನ್ನೋಳು ಬಂದಾಗ ಅಜ್ಜಿ ಕೆನ್ನೆ ಉಬ್ಬಿಸಿ, ತುಟಿ ಬಿಗಿಹಿಡಿದು, ಕಣ್ಣಲ್ಲೇ 'ನಂಗೇನೂ ಗೊತ್ತಿಲ್ಲ' ಅಂತ ಅತ್ತ ಇತ್ತ ನೋಡಿದ್ರು ನೋಡಿ, ನಮ್ ಯಕ್ಷಗಾನದ ಹಾಸ್ಯಗಾರನೇ ಎದ್ರಿಗೆ ಬಂದಂಗಾಯ್ತು! ದೇವರು ಕರಗಬಿ ಅವಳನ್ನ ಹಿಂಡಿ ಇರುವೆ ಮಾಡ್ತಾನೆ, ಅಜ್ಜಿ ಎರಡೂ ಕೈಯಲ್ಲಿ ಸೊಂಟ ಹಿಂಡ್ಕೊಂಡು ತೋರಿಸಿದ್ರು, ಇರುವೆ ಸೊಂಟ ಯಾಕೆ ಸಣ್ಣ ಅಂತ ಯಾರೂ ಹೇಳೋದೇ ಬೇಡ. ಮಕ್ಕಳೆಲ್ಲಾ ಮುಂದಿನ ಮಾತು ಮೊದಲೇ ಕೂಗ್ತಿದ್ವು. ಅದುವರೆಗೂ ಅವು ತಮ್ಮತಮ್ಮಲ್ಲೇ ಸ್ಪ್ಯಾನಿಷ್ ಮಾತಾಡ್ತಿದ್ದದ್ದು ನಾನೇ ಕೇಳಿದ್ದೆ.

ಗೈಡ್ ಏನ್ ಮಾಡ್ದ ಗೊತ್ತಾ? ಹತ್ತು ನಿಮಿಷದ ಕತೆಗೆ 'ಇದು ನೀರಿನ ಕತೆ, ತುಂಬಾ ಹಳೇದು' ಅಂತ ಇಂಗ್ಲಿಷಲ್ಲಿ ಒಂದೇ ಸಾಲು, ಮತ್ತೆ ವಾಚ್ ನೋಡ್ಕೊಂಡ. ಉಳಿದಿದ್ದನ್ನ ರಾತ್ರಿ ಹೋಟೆಲ್‌ನಲ್ಲಿ ಹುಡುಕಿ ಓದಿದೆ. ಕೊಲಂಬಿಯಾ ಕಡೆಯ ಎಂಬೆರಾ ಕಾತಿಯೋ ಜನರಲ್ಲೂ ಇದೇ ಕತೆ ಇದೆ. ಆ ನೀರೆಲ್ಲಾ ಒಳಗಿದ್ದ ಹೆನೆನೆ ಅನ್ನೋ ಮಹಾ ಮರ ಕಡಿದಾಗ ಕಾಂಡ ಸಮುದ್ರ ಆಯ್ತಂತೆ, ಕೊಂಬೆಗಳು ನದಿ ಆದ್ವಂತೆ. ಅಜ್ಜಿ ಕೊನೆಗೆ ಬೆರಳೆಲ್ಲಾ ಅಗಲಿಸಿ ನೆಲಕ್ಕೆ ಇಳಿಸಿದ್ದು ಇದನ್ನೇ ಅಂತ ಆಗ ತಲೆಗೆ ಹೋಯ್ತು.

ನಮ್ ಗುಂಪಲ್ಲಿ ಒಬ್ಬರು ಹೈಬನಾ ಪೂಜೆ ತೋರ್ಸಿ ಅಂತ ಹಠ ಹಿಡಿದ್ರು. ಹೈಬನಾ ಅಂದ್ರೆ ಹೈ ಅನ್ನೋ ಶಕ್ತಿಗಳನ್ನ ಹಾಡಿ ಕರೆದು ವಾಸಿ ಮಾಡೋರು, ಕೆತ್ತಿದ ಕೋಲು ಹಿಡ್ಕೊಂಡು ರಾತ್ರಿ ಎಲ್ಲಾ ಹಾಡ್ತಾರೆ. ಊರಿನೋರು ನಗ್ತಾನೇ ಆಗಲ್ಲ ಅಂದ್ರು, ಯಾರಿಗೂ ಕಾಯಿಲೆ ಇಲ್ವಲ್ಲ ಯಾಕೆ ಕರೀಬೇಕು ಅಂತ. ಬದಲಿಗೆ ಔಷಧಿ ಗಿಡಗಳ ತೋಟ ಸುತ್ತಿಸಿದ್ರು, ಅದನ್ನ ನೋಡಿಕೊಳ್ಳೋರೇ ಬೇರೆ. ಈ ಉತ್ತರ ನಂಗೆ ಬಹಳ ಹಿಡಿಸ್ತು.

ಹೋಗೋರು ಚಿಲ್ಲರೆ ಡಾಲರ್ ನೋಟು ಇಟ್ಕೊಳ್ಳಿ, ಕಾರ್ಡ್ ನಡೆಯಲ್ಲ. ಏಜೆನ್ಸಿಯವ್ರಿಗೆ ಬುಕ್ ಮಾಡೋವಾಗ್ಲೇ ಕೇಳಿ, ಎಂಬೆರಾ ಭಾಷೆ ಬರೋ ಗೈಡ್ ಇದಾರಾ ಅಂತ, ನಾವು ಕೇಳಲಿಲ್ಲ. ಇನ್ನೊಂದು, ಹಾಗುವಾ ಕಾಯಿ ರಸದಲ್ಲಿ ಕೈಗೆ ಚಿತ್ರ ಬರೀತಾರೆ, ಮೊದಲು ಏನೂ ಕಾಣಲ್ಲ, ಮಾರನೇ ದಿನ ಕಡು ನೀಲಿ ಕಪ್ಪು. ಸೋಪು, ಕೊಬ್ಬರಿ ಎಣ್ಣೆ, ನಿಂಬೆಹಣ್ಣು ಯಾವುದಕ್ಕೂ ಜಗ್ಗಲ್ಲ, ಅತ್ತೆ ಎಲ್ಲಾ ಟ್ರೈ ಮಾಡಿದಾರೆ, ಹನ್ನೊಂದನೇ ದಿನಕ್ಕೆ ತಾನಾಗೇ ಹೋಯ್ತು.