ಆಟ ಕಟ್ಟುವವರಿಗೆ ಚಿತ್ರದುರ್ಗದ ಕೋಟೆ ಗೈಡ್ ಎಷ್ಟು ಉಪಯೋಗ?

ಸುಮ್ನೆ ಸುತ್ತಾಡಿ ಫೋಟೋ ತೆಗೆದು ಬರುವವರಿಗೆ ಕೋಟೆಯಲ್ಲಿ ಗೈಡ್ ಅಷ್ಟೇನೂ ಬೇಡ. ಆದರೆ ಇತಿಹಾಸ ಇಟ್ಟುಕೊಂಡು ಬೋರ್ಡ್ ಗೇಮ್ ಮಾಡುವ ಹುಚ್ಚು ಇದ್ದರೆ ಬೇಕೇ ಬೇಕು. ನನಗೆ ಆ ಹುಚ್ಚು ಇದೆ. ದಾವಣಗೆರೆಯಲ್ಲಿ ರಜಾ ದಿನ ಗೆಳೆಯರು ನಮ್ಮನೆಗೆ ಬರುತ್ತಾರೆ, ಮಂಡಕ್ಕಿ ಮಿರ್ಚಿ ಮುಗಿಸಿ ಕೈ ತೊಳೆದ ಮೇಲೆಯೇ ಮ್ಯಾಪ್ ಬಿಚ್ಚುವುದು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತರಹದ ಆಟ, ಅಂದರೆ ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಅದರೊಳಗಿನ ಪಾತ್ರಗಳಾಗಿ ದಾಳ ಹಾಕಿ ಆಡುತ್ತಾರೆ. ಕಥೆ ನಡೆಸುವವಳು ನಾನು. ಯಾವುದೋ ಹಿಮದ ನಾಡಿನ ಕೋಟೆ ಆಡಿಸಿ ಆಡಿಸಿ ಬೇಜಾರಾಗಿತ್ತು. ಪಕ್ಕದಲ್ಲೇ ಏಳು ಸುತ್ತಿನ ಕೋಟೆ ಇದೆಯಲ್ಲ!

ಗೈಡ್ ಅಣ್ಣನದು ಒಳ್ಳೆ ಗಂಟಲು. ಕಥೆ ಹೇಳುವುದರಲ್ಲಿ ಪಳಗಿದವರು. ಆದರೆ ಎಲ್ಲರಿಗೂ ಒಂದೇ ಪಾಠ. ಬಾಗಿಲು, ಹಾವಿನ ಕೆತ್ತನೆ, ದೇವಸ್ಥಾನ, ಓಬವ್ವನ ಕಿಂಡಿ, "ಬನ್ನಿ ಮೇಡಂ, ಇಲ್ಲಿ ಒಂದು ಫೋಟೋ." ನಡುವೆ ಪ್ರಶ್ನೆ ಕೇಳಿದರೆ ಮೊದಲು ಕಸಿವಿಸಿ. "ಯುದ್ಧ ಬಿಡಿ ಅಣ್ಣ, ಮುತ್ತಿಗೆ ಹಾಕಿದಾಗ ಒಳಗಿದ್ದವರು ಏನು ಕುಡೀತಿದ್ರು?" ಅಂದೆ. ಅಲ್ಲಿಂದ ಮನುಷ್ಯ ಬೇರೆಯೇ ಆದರು.

ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಿನ ನೀರು ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಊರಿನ ಸಿಹಿನೀರು ಹೊಂಡ, ಸಂತೆ ಹೊಂಡದ ಕಡೆಗೆ. ಮಳೆ ಕಡಿಮೆ ಇರುವ ಸೀಮೆಯಲ್ಲಿ ಬಂಡೆ ಮೇಲೆ ಬಿದ್ದ ಹನಿಯನ್ನೂ ಬಿಟ್ಟಿಲ್ಲ. ಕಣಜ, ಎಣ್ಣೆ ಕೊಳ, ಸಿಡಿಮದ್ದು ಅರೆಯುವ ದೊಡ್ಡ ದೊಡ್ಡ ಕಲ್ಲುಗಳು ಎಲ್ಲಾ ತೋರಿಸಿದರು. ನನ್ನ ಆಟದಲ್ಲಿ ಕತ್ತಿಗಿಂತ ಇವಕ್ಕೇ ಜಾಸ್ತಿ ಕೆಲಸ. ಒಳಗಿನವರಿಗೆ ನೀರು, ಕಾಳು, ಮದ್ದು ಅಂತ ಮೂರು ಲೆಕ್ಕ. ಆಟದ ಪ್ರತಿ ಸುತ್ತಿಗೂ ಒಂದೊಂದು ಇಳಿಯುತ್ತದೆ. ಮಳೆ ಕಾರ್ಡ್ ಬಂದರೆ ಮೊದಲು ಮೇಲಿನ ಹೊಂಡ ತುಂಬಬೇಕು, ಆಮೇಲೆ ಕೆಳಗಿನದು. ಹೊರಗಿನವರಿಗೆ ಸೈನ್ಯ ಜಾಸ್ತಿ, ತಾಳ್ಮೆ ಕಡಿಮೆ. ಎರಡು ಕಡೆಗೂ ಒಂದೇ ಬಲ ಇರಬೇಕು ಅಂತ ಏನಿಲ್ಲ. ಹುಲಿ ಕುರಿ ಆಟ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಇನ್ನು ಕಿಂಡಿ. ಎಲ್ಲರೂ ಬಗ್ಗಿ ನೋಡಿ, ಒನಕೆ ಹಿಡಿದಂತೆ ಪೋಸ್ ಕೊಟ್ಟು ಹೋಗುತ್ತಾರೆ. ನಾನು ಅಲ್ಲೇ ಕೂತುಬಿಟ್ಟೆ. ಒಂದು ಸಲಕ್ಕೆ ಒಬ್ಬರೇ ನುಸುಳಬಹುದಾದ ಸಂದು. ತಲೆ ಮೊದಲು ಒಳಗೆ ಬರುತ್ತದೆ, ಕೈ ಆಮೇಲೆ. ಕತ್ತಿ ಎತ್ತುವುದಕ್ಕೆ ಜಾಗವೇ ಇಲ್ಲ. ಪಕ್ಕದಲ್ಲೇ ತಣ್ಣೀರು ದೋಣಿ. ಕಾವಲಿನ ಗಂಡ ಊಟಕ್ಕೆ ಹೋಗಿದ್ದ, ಓಬವ್ವ ನೀರಿಗೆ ಬಂದಿದ್ದಳು ಅನ್ನುವುದು ನಮಗೆಲ್ಲ ಬಾಯಿಪಾಠ. ಆದರೆ ಗೈಡ್ ಅಣ್ಣ ಒತ್ತಿ ಹೇಳಿದ್ದು ಹೆಣ ಎಳೆದು ಪಕ್ಕಕ್ಕೆ ಹಾಕಿದ್ದನ್ನು. ಎಳೆಯದಿದ್ದರೆ ಹಿಂದಿನವನಿಗೆ ಗೊತ್ತಾಗಿಬಿಡುತ್ತಿತ್ತು. ಅದನ್ನೇ ನಿಯಮ ಮಾಡಿದೆ: ಒಂದು ಸರದಿ ಹೊಡೆಯುವುದಕ್ಕೆ, ಒಂದು ಸರದಿ ಎಳೆಯುವುದಕ್ಕೆ. ಹೊರಗಿನವರಿಗೆ ಒಳಹೋದ ಕಾಯಿ ಏನಾಯ್ತು ಅಂತ ಹೇಳುವಂತಿಲ್ಲ. ಮೊದಲ ಸಲ ಆಡಿದಾಗ ಎದುರು ಕೂತವನು ಹಿಗ್ಗಿನಿಂದ ಕಾಯಿ ಮೇಲೆ ಕಾಯಿ ಕಳಿಸುತ್ತಲೇ ಇದ್ದ.

ಓಬವ್ವನನ್ನು ಮಾತ್ರ ನಾನು ಆಟಗಾರರು ಆಡುವ ಪಾತ್ರ ಮಾಡಿಲ್ಲ. ಅವಳ ಹೆಸರಲ್ಲಿ ದಾಳ ಹಾಕಿ ಒಂದು ಬಿದ್ದು ಸೋತರೆ ಏನು ಮಾಡೋಣ? ನಮ್ಮ ಜಿಲ್ಲೆಗಳಲ್ಲಿ ಅದು ಸರಿ ಹೋಗಲ್ಲ. ಕಿಂಡಿ ಕಾಯುವವಳು ನನ್ನ ಆಟದಲ್ಲಿ ಹೆಸರಿಲ್ಲದ ಒಬ್ಬ ಹೆಂಗಸು.

ಗೈಡ್ ಸೇವೆ ಸೋಲುವುದು ರಾಜಕೀಯದಲ್ಲಿ. ಕೊನೆಯ ಮದಕರಿ ನಾಯಕ ಒಳ್ಳೆಯವನು, ಹೈದರಾಲಿ ಕೆಟ್ಟವನು, 1779ರಲ್ಲಿ ಕೋಟೆ ಬಿತ್ತು, ಕಥೆ ಮುಗೀತು. ಆಟಕ್ಕೆ ಇಷ್ಟು ಸಾಲದು. ಇದೇ ಮದಕರಿ ಒಂದು ಕಾಲಕ್ಕೆ ಹೈದರನಿಗೆ ಕಪ್ಪ ಕೊಟ್ಟವನು, 1770ರಲ್ಲಿ ಮರಾಠರ ಪೇಶ್ವೆ ಮಾಧವರಾಯನ ಕಡೆ ಸೇರಿ ಹೈದರನ ಕೈಲಿದ್ದ ನಿಜಗಲ್ ಕೋಟೆ ಹತ್ತಿದವನು. ಇಬ್ಬರು ದೊಡ್ಡವರ ನಡುವೆ ಸಿಕ್ಕಿಕೊಂಡ ಪಾಳೆಯಗಾರನ ಪಾಡು ಇದು, ಮಜಾ ಇರುವುದೇ ಅಲ್ಲಿ. ನಮ್ಮ ದಾವಣಗೆರೆ ತಾಲ್ಲೂಕಿನ ಮಾಯಕೊಂಡದ ಮಾತೇ ಬರಲಿಲ್ಲ. 1748ರಲ್ಲಿ ಇದೇ ದುರ್ಗದ ಹಿಂದಿನ ದೊರೆ ಹಿರೇ ಮದಕರಿ ನಾಯಕ ಯುದ್ಧದಲ್ಲಿ ಬಿದ್ದದ್ದು ಅಲ್ಲಿ. ಒಂದು ಕಡೆ ಹರಪನಹಳ್ಳಿ, ರಾಯದುರ್ಗ, ಬಿದನೂರಿನವರು, ಇವನ ಕಡೆ ಎಲ್ಲಿಂದಲೋ ಬಂದ, ಆರ್ಕಾಟಿನ ನವಾಬನಾಗಲು ಹೊರಟಿದ್ದ ಚಂದಾ ಸಾಹೇಬ. ನಾಲ್ಕೈದು ಜನ ಕೂತು ಒಳಸಂಚು ಮಾಡುವ ಆಟಕ್ಕೆ ಇದಕ್ಕಿಂತ ಒಳ್ಳೆ ಸರಕು ಎಲ್ಲಿ ಸಿಗುತ್ತದೆ? ಇದನ್ನೆಲ್ಲ ಮೊದಲೇ ಮನೆಯಲ್ಲಿ ಓದಿಕೊಂಡು ಹೋಗಿ.

ಹೋಗುವವರು ಬೆಳಗ್ಗೆಯೇ ಹತ್ತಿ, ಬಿಸಿಲಿಗೆ ಬಂಡೆ ಕಾಯುತ್ತದೆ. ಗೈಡ್ ದುಡ್ಡು ಎಷ್ಟು, ಎಷ್ಟು ಹೊತ್ತು ಅಂತ ಕೆಳಗೇ ಮಾತಾಡಿಕೊಳ್ಳಿ. ನಿಧಾನಕ್ಕೆ ನೋಡಬೇಕು ಅಂದರೆ ಸ್ವಲ್ಪ ಜಾಸ್ತಿ ಕೊಡಿ, ಅವರಿಗೂ ಹೊಟ್ಟೆಪಾಡು. ಗೈಡ್ ಸೇವೆಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಅದರಲ್ಲಿ ಹೊಂಡಗಳಿಗೇ ಮೂರು.